ನಲವತ್ತೊಂದನೇ ಟ್ಯೂಬು

ಸಿದ್ದರಾಜು ಅವರು ಮೂವತ್ತಾರು ವರ್ಷ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ದುಡಿದವರು. ಹನ್ನೊಂದು ಸಾವಿರ ವೋಲ್ಟಿನ ತಂತಿಯ ಪಕ್ಕ ಕೂತು ಬೀಡಿ ಸೇದಿದ್ದೇನೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ಬೀಡಿಯ ವಿಷಯ ಸುಳ್ಳಿರಬಹುದು, ತಂತಿಯ ವಿಷಯ ನಿಜ. ಆದರೆ ಕಂಬದಿಂದ ಇಳಿದ ಮೇಲೆ ಈ ಭೂಮಿಯ ಮೇಲೆ ಅವರು ಸ್ವಂತ ಕೈಯಿಂದ ಮಾಡಿದ ಕೆಲಸ ಬೆರಳೆಣಿಕೆಯಷ್ಟು. ಅರ್ಜಿ ತುಂಬುವುದು, ಗ್ಯಾಸ್ ಬುಕ್ ಮಾಡುವುದು, ನೆಂಟರ ಮನೆಯ ಸಾವಿಗೆ ಹೋಗಿ ಮಾತಾಡಿಸಿ ಬರುವುದು, ಎಲ್ಲವೂ ಹೆಂಡತಿ ಚಾಮುಂಡೇಶ್ವರಿ ಅವರ ಪಾಲು.

ಅಷ್ಟೇಕೆ, ಒಮ್ಮೆ ಪ್ರಮೋಷನ್ ಸಿಕ್ಕರೆ ಮೈಸೂರಿನ ದೇವಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತೇನೆಂದು ಸಿದ್ದರಾಜು ಹರಕೆ ಹೊತ್ತಿದ್ದರು. ಪ್ರಮೋಷನ್ ಬಂತು. ಬಗ್ಗಿ ಬಗ್ಗಿ ಸಾವಿರ ಮೆಟ್ಟಿಲಿಗೂ ಕುಂಕುಮ ಹಚ್ಚಿದ್ದು ಹೆಂಡತಿ. ಹರಕೆ ಹೊತ್ತವರು ಬಸ್ಸಿನಲ್ಲಿ ಹೋಗಿ ಮೇಲೆ ಕಾದಿದ್ದು, ಗಂಡನ ಹರಕೆಯನ್ನು ಹೆಂಡತಿ ತೀರಿಸಿದರೆ ತಾಯಿ ಬೇಡ ಅನ್ನುತ್ತಾಳೆಯೇ ಎಂದು ತಾವೇ ತೀರ್ಪು ಕೊಟ್ಟುಕೊಂಡು ಪ್ರಸಾದ ತಿಂದರು. ಈ ಕಥೆಯನ್ನು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರಿಂದ ಶ್ರೀರಾಂಪುರದ ಪಾರ್ಕಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಆ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರ ಒಂದು ಸಂಘವಿದೆ. ನಿವೃತ್ತರು, ಅವರ ಹೆಂಡತಿಯರು, ಒಟ್ಟು ನಲವತ್ತೊಂದು ಜನ. ಸಿದ್ದರಾಜು ಅದರ ಅಧ್ಯಕ್ಷರು. ಚುನಾವಣೆ ಏನೂ ನಡೆದಿರಲಿಲ್ಲ. ಒಂದು ದಿನ ಅವರು ಸೀಟಿ ತಂದು ಊದಿದರು, ಅಲ್ಲಿಂದ ಅಧ್ಯಕ್ಷರಾದರು.

ಆರೋಗ್ಯ ಕೇಂದ್ರದ ನರ್ಸ್ ಸಂಘಮಿತ್ರ ಒಂದು ಬೆಳಿಗ್ಗೆ ಪಾರ್ಕಿಗೆ ಬಂದಾಗ ಅವಳ ಸ್ಕೂಟರಿನಲ್ಲಿ ಒಂದು ಚೀಲದ ತುಂಬ ಸಣ್ಣ ಸಣ್ಣ ಟ್ಯೂಬುಗಳಿದ್ದವು. ದೊಡ್ಡ ಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುವ ಪರೀಕ್ಷೆ ಅದು. ಐವತ್ತು ದಾಟಿದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಟ್ಯೂಬಿನ ಮುಚ್ಚಳಕ್ಕೆ ಒಂದು ಕಡ್ಡಿ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ಹೋದಾಗ ಅದನ್ನು ಮಲಕ್ಕೆ ನಾಲ್ಕು ಕಡೆ ಚುಚ್ಚಿ, ತಿರುಗಿ ಟ್ಯೂಬಿಗೆ ಹಾಕಿ ಮುಚ್ಚಿ, ಮೇಲೆ ಹೆಸರು ಬರೆದು ಕೊಟ್ಟರೆ ಮುಗಿಯಿತು. ಕಣ್ಣಿಗೆ ಕಾಣದ ರಕ್ತ ಇದ್ದರೂ ಲ್ಯಾಬಿನಲ್ಲಿ ಗೊತ್ತಾಗುತ್ತದೆ.

ಮುಗಿಯಿತು ಅಂದರೆ ಮುಗಿಯುತ್ತದೆಯೇ? ಆ ಬಡಾವಣೆಯಲ್ಲಿ ಸಂಘಮಿತ್ರ ನೂರರವತ್ತು ಟ್ಯೂಬು ಹಂಚಿದ್ದಳು, ಬಂದದ್ದು ಇಪ್ಪತ್ತೆರಡು. ಒಬ್ಬರು ಏಕಾದಶಿ ಕಳೆಯಲಿ ಅಂದರು, ಇನ್ನೊಬ್ಬರು ಮಗಳ ಮದುವೆ ಆಗಲಿ ಅಂದರು. ಮತ್ತೊಬ್ಬರಂತೂ ಕಡ್ಡಿಯನ್ನು ಸೋಪು ಹಾಕಿ ತೊಳೆದು, ಒರೆಸಿ, ಟ್ಯೂಬಿನೊಳಗೆ ಶುಚಿಯಾಗಿ ಇಟ್ಟು, ನಮ್ಮ ಮನೆಯಲ್ಲಿ ಎಲ್ಲ ಕ್ಲೀನು ಎಂದು ವಾಪಸು ಕೊಟ್ಟಿದ್ದರಂತೆ. ಹುಡುಗಿ ಇದನ್ನೆಲ್ಲ ನಗುತ್ತಲೇ ಹೇಳಿದಳು, ಆದರೆ ಕಣ್ಣಿನಲ್ಲಿ ದಣಿವಿತ್ತು.

ಸಿದ್ದರಾಜು ಸೀಟಿ ಊದಿದರು. ತಮ್ಮ ಸಂಘದ ನಲವತ್ತೊಂದಕ್ಕೆ ನಲವತ್ತೊಂದನ್ನೂ ಹದಿನೈದು ದಿನದೊಳಗೆ ತಂದುಕೊಡುವುದಾಗಿ ಎಲ್ಲರ ಎದುರು ಮಾತು ಕೊಟ್ಟರು. ಮಾರನೆಯ ದಿನವೇ ಯೋಗದ ಚಪ್ಪರದ ಕೆಳಗೆ ಐಸು ತುಂಬಿದ ಮುಚ್ಚಳದ ಡಬ್ಬ ಬಂತು. ಪಕ್ಕದಲ್ಲಿ ರಟ್ಟಿಗೆ ಅಂಟಿಸಿದ ಹೆಸರಿನ ಪಟ್ಟಿ, ದಾರಕ್ಕೆ ಕಟ್ಟಿದ ಕೆಂಪು ಪೆನ್ನು. ಟ್ಯೂಬು ಹಾಕಿದವರು ತಮ್ಮ ಹೆಸರಿನ ಮುಂದೆ ಗೀಟು ಎಳೆಯಬೇಕು. ಹಾಕದವರ ಹೆಸರು ಊರಿಗೆಲ್ಲ ಕಾಣುತ್ತಿತ್ತು. ಪ್ರೀತಿಯಿಂದ ಆಗದ ಕೆಲಸ ನಾಚಿಕೆಯಿಂದ ಆಗುತ್ತದೆ ಎಂದು ಅಧ್ಯಕ್ಷರಿಗೆ ಗೊತ್ತಿತ್ತು.

ಭಾಷಣವನ್ನೂ ಮಾಡಿದರು. ಅದನ್ನು ಮಾತ್ರ ಮೆಚ್ಚಲೇಬೇಕು.

"ನಾನು ಕೆಲ್ಸಕ್ಕೆ ಸೇರ್ದಾಗ ಮರದ ಕಂಬ ಕಣ್ರಪ್ಪ. ಹತ್ತೋಕ್ ಮುಂಚೆ ಸುತ್ತಿಗೇಲಿ ಬುಡ ತಟ್ಟಿ ನೋಡ್ತಿದ್ವಿ. ಮೇಲೆ ಬಣ್ಣ ಎಲ್ಲಾ ಚೆನ್ನಾಗೇ ಇರೋದು, ಒಳಗೆ ಗೆದ್ಲು. ತಟ್ಟಿದ್ರೆ ಸದ್ದಲ್ಲೇ ಗೊತ್ತಾಗ್ಬುಡೋದು. ಈ ಟ್ಯೂಬು ಅಂದ್ರೆ ಆ ಸುತ್ತಿಗೆ, ಅಷ್ಟೇಯ."

ಇದನ್ನು ಕೇಳಿ ಜನ ಒಬ್ಬೊಬ್ಬರಾಗಿ ತರತೊಡಗಿದರು. ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಕವರು, ಅದರ ಮೇಲೆ ಬಟ್ಟೆಯ ಚೀಲ, ಕದ್ದ ಮಾಲಿನ ಹಾಗೆ. ಜೊತೆಯಲ್ಲೇ ನಡೆಯುವ ಗೆಳೆಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸಣ್ಣಮಾದಯ್ಯನವರು ಮಾತ್ರ ಎಂಟು ದಿನ ಜಗ್ಗಲಿಲ್ಲ. ಅವರಿಗೆ ಸಿದ್ದರಾಜು ಪಾರ್ಕಿನ ಸುತ್ತು ಸುತ್ತಿಗೂ ಬುದ್ಧಿ ಹೇಳಿದರು. ಒಂಬತ್ತನೆಯ ದಿನ ಮೇಷ್ಟ್ರು, ಅವರ ಹೆಂಡತಿ ಮುದ್ದಮ್ಮನವರು, ಇಬ್ಬರೂ ಗೀಟು ಎಳೆದರು.

ಹದಿಮೂರನೆಯ ದಿನ ನಲವತ್ತು ಗೀಟುಗಳಾಗಿದ್ದವು. ಉಳಿದದ್ದು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಹೆಸರು. ಅಧ್ಯಕ್ಷರದು.

ಅವರ ಟ್ಯೂಬು ಬಚ್ಚಲುಮನೆಯ ಕಿಟಕಿಯಲ್ಲಿ ಹಾಗೇ ಕೂತಿತ್ತು. ದಿನವೂ ಅದನ್ನು ನೋಡುತ್ತಿದ್ದರು, ಅದೂ ಇವರನ್ನು ನೋಡುತ್ತಿತ್ತು. ಅಸಹ್ಯವೆಂದು ತಮಗೆ ತಾವೇ ಹೇಳಿಕೊಂಡರು. ಆದರೆ ಕಾರಣ ಅಸಹ್ಯವಲ್ಲ. ನಂಜನಗೂಡು ಕಡೆಯ ಊರಿನಲ್ಲಿ ಅವರ ಅಣ್ಣ ಎರಡು ವರ್ಷ ಮೂಲವ್ಯಾಧಿ ಎಂದುಕೊಂಡು ನಾಟಿ ಔಷಧಿ ತಿಂದಿದ್ದ. ಕೊನೆಗೆ ಡಾಕ್ಟರು ಹೊಟ್ಟೆ ಕೊಯ್ದು ನೋಡಿ, ಕರುಳಿನ ಕ್ಯಾನ್ಸರ್ ಕೈಮೀರಿದೆ ಎಂದು ಹಾಗೇ ಹೊಲಿದು ಕಳಿಸಿದ್ದರು. ಆ ಅಣ್ಣನ ಮುಖ ಕಿಟಕಿಯಲ್ಲಿ ಕಾಣುತ್ತಿತ್ತು. ಸಿದ್ದರಾಜು ಅವರಿಗೆ ಹೆದರಿಕೆಯಾಗಿತ್ತು. ಅರವತ್ತನಾಲ್ಕು ವರ್ಷದ ಗಂಡಸು, ಒಂದು ಕಡ್ಡಿಗೆ ಹೆದರಿ ಕೂತಿದ್ದರು.

ಹದಿನಾಲ್ಕನೆಯ ದಿನ ಅಡುಗೆಮನೆಗೆ ಹೋಗಿ ಹೆಂಡತಿಯ ಎದುರು ಟ್ಯೂಬು ಇಟ್ಟರು. ಚಾಮುಂಡೇಶ್ವರಿ ಅವರದು ಮೊದಲ ವಾರವೇ ಆಗಿಹೋಗಿತ್ತು. ಇದನ್ನೂ ನೀನೇ ಮಾಡಿಬಿಡು ಎಂದು ಸಿದ್ದರಾಜು ಕೇಳಿದರು. ಇಬ್ಬರೂ ಉಣ್ಣುವುದು ಒಂದೇ ಪಾತ್ರೆಯ ಸಾರು, ಒಂದೇ ತಪ್ಪಲೆಯ ಮುದ್ದೆ, ಮೂವತ್ತೈದು ವರ್ಷದಿಂದ. ಹೊಟ್ಟೆಯೊಳಗೆ ವ್ಯತ್ಯಾಸ ಎಲ್ಲಿಂದ ಬರಬೇಕು ಎಂದು ವಾದವನ್ನೂ ಮಂಡಿಸಿದರು.

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಬೆಟ್ಟ ಹತ್ತಿದ್ದಾಯ್ತು, ಇದೊಂದು ಬಾಕಿ ಇತ್ತು. ಕೊಡಿ ಇತ್ಲಾಗೆ."

ಮಾರನೆಯ ಬೆಳಿಗ್ಗೆ ನಲವತ್ತೊಂದನೇ ಟ್ಯೂಬು ಡಬ್ಬ ಸೇರಿತು. ಸಿದ್ದರಾಜು ಕೆಂಪು ಪೆನ್ನಿನಿಂದ ಉಳಿದವರಿಗಿಂತ ಎರಡರಷ್ಟು ಉದ್ದದ ಗೀಟು ಎಳೆದರು. ಸಂಘದವರು ಚಪ್ಪಾಳೆ ತಟ್ಟಿದರು. ಸಂಘಮಿತ್ರ ಮೈಸೂರುಪಾಕು ತಂದಿದ್ದಳು. ಇಡೀ ಮೈಸೂರಿನಲ್ಲಿ ನಿಮ್ಮ ಪಾರ್ಕಿನ ಮಾದರಿಯೇ ಆಗಬೇಕು, ಕುವೆಂಪುನಗರದ ಪಾರ್ಕಿಗೂ ನೀವೇ ಬಂದು ಭಾಷಣ ಮಾಡಬೇಕು ಎಂದಳು. ಅಧ್ಯಕ್ಷರು ಡೈರಿ ನೋಡಿ ಹೇಳುತ್ತೇನೆ ಅಂದರು. ಅವರ ಹತ್ತಿರ ಡೈರಿ ಇರಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಅವಳು ಫಲಿತಾಂಶದ ಚೀಟಿಗಳನ್ನು ತಂದಳು. ಎಲ್ಲರಿಗೂ ಹಂಚಿ ಮುಗಿಸಿ, ಸಿದ್ದರಾಜು ಅವರನ್ನು ಮಾತ್ರ ನೀರಿನ ನಲ್ಲಿಯ ಹತ್ತಿರ ಕರೆದಳು. ನಲವತ್ತು ಜನರದು ನಾರ್ಮಲ್, ಅಧ್ಯಕ್ಷರದರಲ್ಲಿ ರಕ್ತ ಕಂಡಿದೆ ಎಂದು ಮೆಲ್ಲಗೆ ಹೇಳಿದಳು. ರಕ್ತ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಬಿಡುವಂತೆಯೂ ಇಲ್ಲ. ಆಸ್ಪತ್ರೆಯಲ್ಲಿ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು. ಮುಂದಿನ ಬುಧವಾರಕ್ಕೆ ಜಾಗ ಹಿಡಿದಿದ್ದಾಳೆ, ಅದು ತಪ್ಪಿದರೆ ಎರಡು ತಿಂಗಳು ಕಾಯಬೇಕು.

ಸಿದ್ದರಾಜು ನಕ್ಕರು. ನಿಜವಾಗಿಯೂ ನಕ್ಕರು. ಅದು ನನ್ನದಲ್ಲವಲ್ಲ ಎಂಬ ಒಂದೇ ಮಾತು ಎದೆಯೊಳಗೆ ಬುಗ್ಗೆಯಂತೆ ಉಕ್ಕಿತು. ಅವರ ಧೈರ್ಯ ನೋಡಿ ಸಂಘಮಿತ್ರಳ ಕಣ್ಣು ತೇವವಾಯಿತು. ಮನೆಯ ದಾರಿಯಲ್ಲಿ ಅರ್ಧ ಕೆ.ಜಿ. ದ್ರಾಕ್ಷಿ ಕೊಂಡರು, ಅದರಲ್ಲಿ ನಾಲ್ಕು ಕಾಳು ನಡೆಯುತ್ತಲೇ ಬಾಯಿಗೆ ಹಾಕಿಕೊಂಡರು.

ಗೇಟಿನ ಹತ್ತಿರ ಚಾಮುಂಡೇಶ್ವರಿ ಪೂಜೆಗೆ ದಾಸವಾಳ ಕೀಳುತ್ತಿದ್ದರು. ಒಂದು ಕೈಯಲ್ಲಿ ಹೂವು, ಇನ್ನೊಂದು ಕೈ ಕಾಂಪೌಂಡಿನ ಗೋಡೆಯ ಮೇಲೆ. ಈಚೆಗೆ ಆಕೆ ಹೀಗೆ ಗೋಡೆ ಹಿಡಿದೇ ನಿಲ್ಲುತ್ತಿದ್ದರು. ಸುಸ್ತು ಅಂದಾಗ, ಖರ್ಜೂರ ತಿನ್ನು ಎಂದು ಸಿದ್ದರಾಜು ಪೇಪರಿನ ಹಿಂದಿನಿಂದ ಹೇಳಿದ್ದರು. ದ್ರಾಕ್ಷಿ ಬಾಯಲ್ಲೇ ಉಳಿಯಿತು. ನನ್ನದಲ್ಲ ಅಂದರೆ ಯಾರದು?

ಏನು ಬಂತು ಎಂದು ಆಕೆ ಕೇಳಿದರು. "ಎಲ್ಲಾ ನಾರ್ಮಲ್ಲು," ಎಂದರು ಸಿದ್ದರಾಜು. ಆಕೆಯ ಚೀಟಿಯನ್ನು ಕೊಟ್ಟರು, ತಮ್ಮದನ್ನು ಜೇಬಿನಲ್ಲೇ ಇಟ್ಟುಕೊಂಡರು.

ಮಧ್ಯಾಹ್ನ ಟೆರೇಸಿಗೆ ಹೋಗಿ ಸಂಘಮಿತ್ರಳಿಗೆ ಫೋನು ಮಾಡಿದರು. ಒಬ್ಬರದೇ ಎರಡು ಸಲ ಪರೀಕ್ಷೆ ಮಾಡಿದರೆ ಒಮ್ಮೆ ರಕ್ತ ಕಂಡು, ಒಮ್ಮೆ ಕಾಣದೆ ಇರಬಹುದೇ ಎಂದು ಸುತ್ತು ಬಳಸಿ ಕೇಳಿದರು. ಇರಬಹುದು, ದಿನವೂ ಒಸರುವುದಿಲ್ಲ, ಅದಕ್ಕೇ ಒಮ್ಮೆ ಕಂಡರೂ ಬಿಡಬಾರದು ಎಂದಳು. ಹಾಗಾದರೆ ಬುಧವಾರ ನನ್ನ ಬದಲು ನಮ್ಮ ಮನೆಯವಳನ್ನು ಕಳಿಸಿದರೆ ಹೇಗೆ, ಎಂದರು ಇವರು. ಆ ಕಡೆಯಿಂದ ನಗು ಕೇಳಿಸಿತು.

"ಸಾರ್, ಬೆಟ್ಟ ಹತ್ತೋಕೆ ಅಮ್ಮನ್ನ ಕಳ್ಸಿದ್ರಿ, ಕ್ಯಾಮೆರಾಗೂ ಅಮ್ಮನ್ನೇ ಕಳ್ಸ್ತೀರಾ?"

ಇಷ್ಟು ವರ್ಷ ಎಲ್ಲರಿಗೂ ಹೇಳಿ ನಗಿಸಿದ ಕಥೆ ಅಂದು ಮೊದಲ ಸಲ ಅವರಿಗೇ ಚುಚ್ಚಿತು. ನಿಜ ಹೇಳದ ಹೊರತು ದಾರಿಯಿರಲಿಲ್ಲ. ಹೇಳಿದರೆ ಅಧ್ಯಕ್ಷಗಿರಿ, ಭಾಷಣ, ಉದ್ದದ ಗೀಟು ಎಲ್ಲವೂ ನಗೆಪಾಟಲು. ಹೇಳದಿದ್ದರೆ ಹೆಂಡತಿ ನಾರ್ಮಲ್ ಎಂಬ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ನಿಲ್ಲುತ್ತಲೇ ಇರುತ್ತಾಳೆ. ಇಷ್ಟು ಸರಳ ಲೆಕ್ಕಕ್ಕೆ ಅವರಿಗೆ ಎರಡು ದಿನ ಹಿಡಿಯಿತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆ ಎರಡು ದಿನವೂ ಆಕೆಯೇ ಅವರ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವಲ್ಲ, ಯಾಕೆ ಊಟ ಸೇರುತ್ತಿಲ್ಲ ಎಂದು ಕೇಳುತ್ತಿದ್ದರು.

ಸೋಮವಾರ ಬೆಳಿಗ್ಗೆ ಆಕೆ ಬಸ್ಸಾರಿಗೆ ಸೊಪ್ಪು ಬಸಿಯುತ್ತಿದ್ದಾಗ ಸಿದ್ದರಾಜು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಜೇಬಿನ ಚೀಟಿಯನ್ನು ತೆಗೆದು ಕಟ್ಟೆಯ ಮೇಲಿಟ್ಟರು. ಆಕೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಚೀಟಿಯನ್ನು ಎರಡು ಸಲ ಓದಿದರು. ಬೈಯುತ್ತಾರೆ ಎಂದು ಸಿದ್ದರಾಜು ಕಾದರು. ಬೈದಿದ್ದರೆ ಚೆನ್ನಾಗಿತ್ತು.

"ಅಂಗಾರೆ ನಿಮ್ದು ಯಾರೂ ನೋಡೇ ಇಲ್ಲ," ಎಂದರು ಆಕೆ. "ಭಾವನೋರ್ಗೆ ಆಗಿದ್ದೂ ಇದೇ ಅಲ್ವಾ? ಅಣ್ಣಂಗೆ ಬಂದಿದ್ದು ತಮ್ಮಂಗೆ ಬರಾಕಿಲ್ವಾ? ನಾನೇನೋ ಆಸ್ಪತ್ರೆಗೆ ಬತ್ತೀನಿ. ಆದ್ರೆ ನೀವು ನಿಮ್ದು ನೀವೇ ಮಾಡ್ಕೊಡ್ಬೇಕು."

ತನ್ನ ರಕ್ತದ ಚೀಟಿ ಕೈಯಲ್ಲಿ ಹಿಡಿದುಕೊಂಡು ಆಕೆ ಕೇಳಿದ್ದು ಗಂಡನ ಹೊಟ್ಟೆಯ ವಿಷಯ. ಸಿದ್ದರಾಜು ಅಲ್ಲೇ ಬಾಗಿಲಿಗೆ ಒರಗಿ, ನೆಲದ ಮೇಲೆ ಕೂತು ಅತ್ತರು. ಆಕೆ ಸ್ವಲ್ಪ ಹೊತ್ತು ಅಳಲು ಬಿಟ್ಟು, ಆಮೇಲೆ ದಾರಿಗೆ ಅಡ್ಡ ಕೂರಬೇಡಿ ಎಂದು ಏಳಿಸಿದರು.

ಅಂದು ಸಂಜೆ ಆರೋಗ್ಯ ಕೇಂದ್ರದಲ್ಲಿ ಸಂಘಮಿತ್ರ ಎಲ್ಲವನ್ನೂ ಕೇಳಿಸಿಕೊಂಡಳು. ನಗಲಿಲ್ಲ. ಬುಧವಾರದ ಜಾಗವನ್ನು ಚಾಮುಂಡೇಶ್ವರಿ ಅವರ ಹೆಸರಿಗೆ ಬದಲಾಯಿಸಲು ನಾಲ್ಕು ಕಡೆ ಫೋನು ಮಾಡಿದಳು. ಬದಲಾಯಿತು. ಆಮೇಲೆ ಪಾರ್ಕಿನ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಆ ಕೆಂಪು ಗೀಟುಗಳನ್ನೇ ನೋಡುತ್ತಾ ಕೂತಳು.

"ಸಾರ್, ನೀವೇ ಹಿಂಗ್ ಮಾಡಿದ್ದೀರ. ಇನ್ನ ಎಷ್ಟ್ ಜನ ಮಾಡಿರ್ಬೋದು?"

ಈ ಪ್ರಶ್ನೆಗೆ ಉತ್ತರ ಕಂಡುಹಿಡಿಯುವ ದಾರಿ ಒಂದೇ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು. ಮಂಗಳವಾರ ಬೆಳಿಗ್ಗೆ ಸಂಘಮಿತ್ರಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಿದ್ದರಾಜು ಸೀಟಿ ಊದಿದರು. ಎಲ್ಲರೂ ಬಂದು ಕೂತ ಮೇಲೆ, ನನ್ನ ಹೆಸರಿನ ಟ್ಯೂಬಿನಲ್ಲಿ ಇದ್ದದ್ದು ನನ್ನದಲ್ಲ, ನಮ್ಮ ಮನೆಯವಳದು ಎಂದು ಹೇಳಿದರು. ಅದರಲ್ಲಿ ರಕ್ತ ಸಿಕ್ಕಿದೆ, ನಾಳೆ ಆಸ್ಪತ್ರೆ ಎಂದೂ ಹೇಳಿದರು. ಕಂಬ ತಟ್ಟು ಎಂದು ಕಳಿಸಿದರೆ ಪಕ್ಕದ ಕಂಬ ತಟ್ಟಿ ಬಂದವನು ನಾನು ಎಂದರು. ಹೀಗೆ ಬೇರೆಯವರ ಕೈಯಲ್ಲಿ ಮಾಡಿಸಿದವರು ಇನ್ನೂ ಇದ್ದರೆ ಹೇಳಿಬಿಡಿ, ಹೊಸ ಟ್ಯೂಬು ಇದೆ ಎಂದು ಕೈಮುಗಿದರು.

ಮೊದಲು ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಆಮೇಲೆ ಇನ್ನೊಂದು. ಒಟ್ಟು ನಾಲ್ಕು ಕೈ, ನಾಲ್ಕೂ ಗಂಡಸರವೇ. ಸಣ್ಣಮಾದಯ್ಯ ಮೇಷ್ಟ್ರು ಕೈ ಎತ್ತಲಿಲ್ಲ, ಆಕಾಶ ನೋಡುತ್ತಿದ್ದರು. ಪಕ್ಕದಲ್ಲಿದ್ದ ಮುದ್ದಮ್ಮ ಅವರ ಮೊಣಕೈ ಹಿಡಿದು ಮೇಲಕ್ಕೆ ಎತ್ತಿದರು.

"ನಾನು ಇಬ್ಬುರ್ದೂ ಒಂದೇ ದಿನ ಮುಗ್ಸ್‌ಬುಟ್ಟೆ ಕಣಮ್ಮ," ಎಂದು ಸಂಘಮಿತ್ರಳಿಗೆ ಹೇಳಿದರು. ಅವರ ದನಿಯಲ್ಲಿ ತಪ್ಪೊಪ್ಪಿಗೆಗಿಂತ ಕೆಲಸ ಬೇಗ ಮುಗಿಸಿದ ಹೆಮ್ಮೆಯೇ ಹೆಚ್ಚಾಗಿತ್ತು. ಆಗ ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಸಂಘಮಿತ್ರ ಆರು ಗೀಟುಗಳನ್ನು ಅಳಿಸಿ, ಆರು ಹೊಸ ಟ್ಯೂಬು ಕೊಟ್ಟಳು. ಈ ಸಲ ಹೆಸರನ್ನು ಅವರವರ ಕೈಯಲ್ಲೇ, ತನ್ನ ಎದುರಿಗೇ ಬರೆಸಿದಳು.

ಬುಧವಾರಕ್ಕೆ ಹಿಂದಿನ ಸಂಜೆಯಿಂದ ಚಾಮುಂಡೇಶ್ವರಿ ಊಟ ಬಿಟ್ಟು, ಹೊಟ್ಟೆ ತೊಳೆಯುವ ಔಷಧಿಯ ನೀರನ್ನು ಲೋಟ ಲೋಟ ಕುಡಿಯಬೇಕಿತ್ತು. ಆಕೆ ಮುಖ ಕಿವುಚಿಕೊಂಡು ಕುಡಿಯುವುದನ್ನು ನೋಡಲಾರದೆ ಸಿದ್ದರಾಜು ಒಂದು ಲೋಟ ನಾನು ಕುಡಿಯಲೇ ಎಂದು ಕೇಳಿಬಿಟ್ಟರು. ಆಕೆ ಒಂದು ನೋಟ ನೋಡಿದರು. ಅವರು ಲೋಟ ತೊಳೆದುಕೊಟ್ಟರು. ತಾವೂ ಊಟ ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಆಕೆ ತಾಳಿ, ಬಳೆ, ಓಲೆಗಳನ್ನು ಕರ್ಚೀಫಿನಲ್ಲಿ ಕಟ್ಟಿ ಗಂಡನ ಕೈಗೆ ಕೊಟ್ಟು ಒಳಗೆ ಹೋದರು. ಒಂದು ಗಳಿಗೆಯಲ್ಲಿ ಯಾರೋ ಬಂದು ಫಾರಂ ಕೊಟ್ಟು ತುಂಬಿಕೊಡಿ ಅಂದರು. ಅರ್ಜಿ ಅಂದಕೂಡಲೇ ಸಿದ್ದರಾಜು ಅಭ್ಯಾಸಬಲದಿಂದ ಹೆಂಡತಿಗಾಗಿ ಪಕ್ಕಕ್ಕೆ ತಿರುಗಿದರು. ಪಕ್ಕದ ಕುರ್ಚಿ ಖಾಲಿಯಿತ್ತು. ಹೆಸರು ಬರೆದರು. ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ದಿನವೂ ತಿನ್ನುವ ಮಾತ್ರೆ ಯಾವುದು, ಗೊತ್ತಿರಲಿಲ್ಲ. ಸುಸ್ತು ಎಷ್ಟು ದಿನದಿಂದ, ಹಿಂದೆ ಆಪರೇಷನ್ ಆಗಿದೆಯೇ, ಯಾವ ಔಷಧಿ ಒಗ್ಗುವುದಿಲ್ಲ, ಒಂದೂ ಗೊತ್ತಿರಲಿಲ್ಲ. ತಮ್ಮ ಬಿ.ಪಿ., ತಮ್ಮ ಚಷ್ಮಾದ ನಂಬರು, ತಮಗೆ ಯಾವ ಬದನೆಕಾಯಿ ತಿಂದರೆ ನವೆ ಎಂಬುದೆಲ್ಲ ಆಕೆಗೆ ಬಾಯಿಪಾಠ. ಆ ಖಾಲಿ ಫಾರಂ ಹಿಡಿದು ಕೂತ ಹೊತ್ತಿನಷ್ಟು ನಾಚಿಕೆ ಅವರಿಗೆ ಪಾರ್ಕಿನಲ್ಲೂ ಆಗಿರಲಿಲ್ಲ. ಕೊನೆಗೆ ಆಸ್ಪತ್ರೆಯ ನರ್ಸೊಬ್ಬಳು ಒಳಗೆ ಹೋಗಿ ಆಕೆಯನ್ನೇ ಕೇಳಿ ಬರೆದುಕೊಂಡು ಬಂದಳು.

ಒಂದೂವರೆ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು. ಕರುಳಿನಲ್ಲಿ ಅವರೆಕಾಳಿನಷ್ಟು ದೊಡ್ಡ ಒಂದು ಗಂಟು ಇತ್ತು, ಕ್ಯಾಮೆರಾದ ಜೊತೆಯಲ್ಲೇ ತೆಗೆದಿದ್ದೇವೆ, ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಎಂಟು ದಿನದ ಮೇಲೆ ವರದಿ ಬಂತು. ಗಂಟು ಇನ್ನೂ ಕೆಟ್ಟು ಕ್ಯಾನ್ಸರ್ ಆಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಕೆಡುತ್ತಿತ್ತು. ಮೂರು ವರ್ಷ ಬಿಟ್ಟು ಇನ್ನೊಮ್ಮೆ ನೋಡಬೇಕು, ಅಷ್ಟೆ. ಸಿದ್ದರಾಜು ಆ ವರದಿಯನ್ನು ತಾವೇ ದೇವರ ಪಟದ ಹಿಂದೆ ಸಿಕ್ಕಿಸಿದರು. ಹಳೆಯ ನಾರ್ಮಲ್ ಚೀಟಿಯನ್ನು ತೆಗೆದು ಒಲೆಗೆ ಹಿಡಿದು ಸುಟ್ಟರು.

ಇನ್ನು ಉಳಿದದ್ದು ಆಕೆ ಹಾಕಿದ್ದ ಕರಾರು. ಮಾರನೆಯ ಬೆಳಿಗ್ಗೆ ಅವರು ಹೊಸ ಟ್ಯೂಬು ಹಿಡಿದು ಬಚ್ಚಲುಮನೆಗೆ ಹೋದರು. ಚಾಮುಂಡೇಶ್ವರಿ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಬಿಡಿಸುತ್ತಾ ಕೂತರು. ಎಷ್ಟು ಕಡೆ ಚುಚ್ಚಬೇಕು ಎಂದು ಒಳಗಿನಿಂದ ಪ್ರಶ್ನೆ ಬಂತು. ಊರಿಗೆಲ್ಲ ಭಾಷಣ ಮಾಡಿದವರಿಗೆ ಗೊತ್ತಿರಬೇಕಲ್ಲ ಎಂದು ಹೊರಗಿನಿಂದ ಉತ್ತರ ಹೋಯಿತು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು, ಹಣೆಯ ಬೆವರು ಒರೆಸಿಕೊಳ್ಳುತ್ತಾ ಅಧ್ಯಕ್ಷರು ಹೊರಗೆ ಬಂದರು.

ಇಬ್ಬರೂ ಜೊತೆಯಲ್ಲೇ ಪಾರ್ಕಿಗೆ ನಡೆದರು. ಉಳಿದ ಐದು ಟ್ಯೂಬುಗಳು ಆಗಲೇ ಡಬ್ಬದಲ್ಲಿದ್ದವು. ಸಿದ್ದರಾಜು ಆರನೆಯದನ್ನು ಕೊಟ್ಟಾಗ ಸಂಘಮಿತ್ರ ಹೆಸರು ಓದಿ, ಅವರ ಮುಖ ನೋಡಿ, ನಗು ತಡೆದುಕೊಂಡು, ಇದು ನಿಮ್ಮದೇ ತಾನೇ ಎಂದು ಎಲ್ಲರ ಎದುರಿಗೇ ಕೇಳಿದಳು.

"ನಂದೇ ಕಣಮ್ಮ. ಬೇಕಾದ್ರೆ ನಮ್ಮನೆಯವ್ಳನ್ನ ಕೇಳು," ಎಂದರು ಸಿದ್ದರಾಜು.

ಎಲ್ಲರೂ ಚಾಮುಂಡೇಶ್ವರಿ ಅವರ ಕಡೆ ತಿರುಗಿದರು. ಆಕೆ ಚಪ್ಪರದ ಕಂಬ ಹಿಡಿಯದೆ, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು ಗಂಡನನ್ನು ನೋಡಿದರು. "ಅವ್ರದೇ. ಆದ್ರೆ ಇದೇ ಕೊನೇದು. ಇನ್ಮೇಲೆ ನಾನು ಸಾಕ್ಷಿನೂ ಹೇಳಾಕಿಲ್ಲ," ಎಂದರು.

ಸಿದ್ದರಾಜು ದಾರಕ್ಕೆ ಕಟ್ಟಿದ್ದ ಕೆಂಪು ಪೆನ್ನನ್ನು ತೆಗೆದುಕೊಂಡು, ತಮ್ಮ ಹೆಸರಿನ ಮುಂದೆ ಒಂದು ಗೀಟು ಎಳೆದರು. ಈ ಸಲ ಅದು ಉಳಿದವರ ಗೀಟಿನಷ್ಟೇ ಉದ್ದವಿತ್ತು.